ಕಪ್ಪೆಗಾಡಿ ಜೋಡಿಹಳ್ಳದಲ್ಲಿ ನಿಂತಾಗ

ಬೈರಮ್ಮ ಜಗಲಿಯ ಅಂಚಿನಲ್ಲಿ ಕುಳಿತು ಸ್ಪಾರ್ಕ್ ಪ್ಲಗ್ಗನ್ನು ಎಮರಿ ಪೇಪರಿನಿಂದ ಉಜ್ಜುತ್ತಿದ್ದಳು. ಕರಿ ಬಿಟ್ಟ ಮೇಲೆ ಬಾಯಿಂದ ಊದಿ, ದಾವಣಿಯ ಸೆರಗಿನಿಂದ ಒರೆಸಿ, ಬಿಸಿಲಿಗೆ ಹಿಡಿದು ನೋಡಿದಳು. ಪಕ್ಕದಲ್ಲಿ ಸೋದರಮಾವ ರಾಮಾಂಜಿನಪ್ಪ ಚೈನಿಗೆ ಗ್ರೀಸು ಹಚ್ಚುತ್ತಿದ್ದ.

ಅದು ಅವರ ಕಪ್ಪೆಗಾಡಿ. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ರಾಮಾಂಜಿನಪ್ಪ ಗುಜರಿಯಿಂದ ಒಂದೊಂದೇ ಸಾಮಾನು ತಂದು ಎರಡು ವರ್ಷ ಕೂತು ಕಟ್ಟಿದ್ದು. ಲಗೇಜ್ ಆಟೋದ ಎಂಜಿನ್ನು, ಹಳೇ ಜೀಪಿನ ಆಕ್ಸಲ್, ದಪ್ಪನೆಯ ನಾಲ್ಕು ಟೈರು, ಮುಂದೆ ಸ್ಕೂಟರಿನ ಹ್ಯಾಂಡಲ್ಲು, ಸವಾರನ ಮಂಡಿಗಳ ನಡುವೆ ಪೆಟ್ರೋಲ್ ಟ್ಯಾಂಕು, ಹಿಂದೆ ಸಾಮಾನು ಹೇರಲು ಹಲಗೆ. ಗುಂಡಿ ಸಿಕ್ಕಾಗಲೆಲ್ಲ ಕುಪ್ಪಳಿಸುತ್ತಿದ್ದರಿಂದ ಊರವರು ಇಟ್ಟ ಹೆಸರು ಅದು. ಗೊಬ್ಬರ, ಔಷಧಿ ಡ್ರಮ್ಮು, ರಾಗಿ ಹೊರೆ ಹೇರಿಕೊಂಡು, ಎತ್ತಿನ ಗಾಡಿ ಹತ್ತದ ಕಡೆಗೆಲ್ಲ ಅದೇ ಹತ್ತುತ್ತಿತ್ತು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟ ಬೈರಮ್ಮ ಅದನ್ನು ತೊಳೆಯುತ್ತ, ಮಾವನಿಗೆ ಸ್ಪ್ಯಾನರು ಎತ್ತಿಕೊಡುತ್ತ, ನೋಡಿ ನೋಡಿಯೇ ಅದರ ಒಳಗುಟ್ಟು ಕಲಿತಿದ್ದಳು. ಮೂರು ದಿನದ ಹಿಂದೆ ಆಯುಧಪೂಜೆಗೆ ಅದನ್ನು ಸಿಂಗರಿಸಿದವಳೂ ಅವಳೇ.

ಕುರಿ ಕಾಯುವ ಪಾಪಯ್ಯ ಏದುಸಿರು ಬಿಡುತ್ತ ಬಂದ.

"ರಾಮಾಂಜಿನಪ್ಪೋ! ನಿಮ್ ಭಾವ ಅಟ್ಟಣೆಯಿಂದ ಬಿದ್ಬಿಟ್ಟವ್ರೆ!"

ಬೈರಮ್ಮ ಪ್ಲಗ್ಗು ಹಿಡಿದೇ ಎದ್ದಳು. ಅವಳಪ್ಪ ಮುನಿಯಣ್ಣ ಗುಡ್ಡದಾಚೆಯ ಹೊಲದಲ್ಲಿ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಆನೆಗಳಿಂದ ರಾಗಿ ಕಾಯುತ್ತಿದ್ದ.

"ತೊಡೆ ಮುರ್ದೈತೆ. ಮೂಳೆ ಈಚೆಗ್ ಬಂದೈತೆ. ಪಂಚೆ ಬಿಗಿದು ಕಟ್ಟಿ ಬಂದಿವ್ನಿ, ಆದ್ರೂ ರಕ್ತ ಜಿನುಗ್ತಾ ಐತೆ."

"ಕಂಬಳೀಲಿ ಹೊತ್ಕೊಂಡು ಬರಕಾಗಲ್ವಾ?" ರಾಮಾಂಜಿನಪ್ಪ ಕೇಳಿದ.

"ಯಾರು ಹೊರೋರು? ಅರ್ಧ ಊರು ಹಬ್ಬಕ್ಕೆ ನೆಂಟ್ರ ಮನೇಗೋಗೈತೆ, ಇನ್ನರ್ಧ ಶಿಫ್ಟಿಗೋಗೈತೆ. ಸಂಜೆಗೆ ಆನೆ ಬೇರೆ ಜೋಡಿಹಳ್ಳಕ್ಕೆ ಇಳೀತವೆ."

ರಾಮಾಂಜಿನಪ್ಪ ಎದ್ದ. "ಬೈರಿ, ಪ್ಲಗ್ ಹಾಕು. ಸಂಜೆಯೊಳಗೆ ಹಳ್ಳ ದಾಟಿ ವಾಪಸ್ ಬರಬೇಕು."

ಅವಳು ಪ್ಲಗ್ಗು ಬಿಗಿದಳು. ಆಯಿಲ್ ಬೆರೆಸಿದ ಪೆಟ್ರೋಲು ಸುರಿದಳು. ಉಕ್ಕಿನ ಹಗ್ಗ, ಗಾಳಿ ಪಂಪು, ಟೈರಿಗೆ ಸುತ್ತುವ ಸರಪಳಿ, ನಾಲ್ಕು ಗೋಣಿಚೀಲ, ಬಿದಿರಿನ ದಬ್ಬೆ, ನೀರಿನ ಬಿಂದಿಗೆ ಎಲ್ಲವನ್ನೂ ಹಲಗೆಗೆ ಕಟ್ಟಿದಳು. ಯಾರನ್ನೂ ಕೇಳದೆಯೇ ಹಿಂದೆ ಪಾಪಯ್ಯನ ಪಕ್ಕ ಹತ್ತಿ ಕೂತಳು.

ಕೆರೆ ಏರಿ ದಾಟಿದ ಮೇಲೆ ದಾರಿ ಎನ್ನುವುದು ಮುಗಿಯಿತು. ಬಂಡೆಗಳ ನಡುವೆ ಲಂಟಾನ ಪೊದೆ ಎದೆಮಟ್ಟ ಬೆಳೆದಿತ್ತು. ಅದರಾಚೆ ಜಾಲಿ, ಬಿದಿರು, ಒಣಗಿದ ಹುಲ್ಲಿನ ಇಳಿಜಾರು. ದೂರದಲ್ಲಿ ಆನೇಕಲ್ಲಿನ ಬಯಲು ಮಂಜಿನಂಥ ಧೂಳಿನಲ್ಲಿ ಮಸುಕಾಗಿತ್ತು. ಕಪ್ಪೆಗಾಡಿ ಕುಪ್ಪಳಿಸುತ್ತ, ಕೆಮ್ಮುತ್ತ ಹತ್ತಿತು.

ಮೊದಲ ಏರಿನ ತುದಿಯಲ್ಲಿ ಎಂಜಿನ್ನು ನಿಂತಿತು.

ರಾಮಾಂಜಿನಪ್ಪ ಪ್ಲಗ್ಗು ಬಿಚ್ಚಿ ನೋಡಿದ. ಚೆನ್ನಾಗಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದ. ಪೆಟ್ರೋಲು ತುಂಬಿತ್ತು. ಮುಚ್ಚಿ ಕಿಕ್ಕು ಹೊಡೆದರೆ ಥಟ್ಟನೆ ಸ್ಟಾರ್ಟಾಯಿತು.

ಕಾಲು ಗಂಟೆಗೆ ಮತ್ತೆ ನಿಂತಿತು.

"ನಿನ್ ಗಾಡಿಗಿಂತ ನನ್ ಹೋತ ವಾಸಿ ಕಣಪ್ಪ," ಎಂದ ಪಾಪಯ್ಯ.

"ಹೋತದ ಮೇಲೆ ಭಾವನ್ನ ಮಲಗಿಸ್ತೀಯಾ? ತಳ್ಳು ಸುಮ್ನೆ! ಬಂಕಿನೋನು ನೀರು ಬೆರ್ಸವ್ನೆ, ಅದಕ್ಕೇ ಇಂಗಾಗ್ತೈತೆ."

ಮತ್ತೆ ಮುಚ್ಚಳ ತೆಗೆದ, ಮುಚ್ಚಿದ. ಮತ್ತೆ ಸ್ಟಾರ್ಟಾಯಿತು. ಬೈರಮ್ಮ ನೋಡುತ್ತಲೇ ಇದ್ದಳು.

ಜೋಡಿಹಳ್ಳ ದಾಟಿ ಹೊಲ ಮುಟ್ಟಿದಾಗ ಸೂರ್ಯ ಪಡುವಣಕ್ಕೆ ವಾಲಿದ್ದ. ಮುನಿಯಣ್ಣ ಅಟ್ಟಣೆಯ ಕೆಳಗೆ ಬಿದ್ದಿದ್ದ. ತುಟಿ ಬಿಳಿಚಿಕೊಂಡಿತ್ತು.

"ರಾಗಿ ತುಳಿದ್ವಾ?" ಎಂದ ಅವನು, ಮಗಳನ್ನು ಕಂಡ ಕೂಡಲೆ.

"ಇಲ್ಲ ಅಪ್ಪಯ್ಯ. ಮಾತಾಡ್ಬ್ಯಾಡ."

ದಬ್ಬೆಗಳನ್ನು ತೊಡೆಯ ಎರಡೂ ಕಡೆ ಇಟ್ಟು ಸೆರಗು ಹರಿದು ಬಿಗಿದರು. ಗೋಣಿಚೀಲದಲ್ಲಿ ಹುಲ್ಲು ತುಂಬಿ ಹಲಗೆಯ ಮೇಲೆ ಹಾಸಿ ಅವನನ್ನು ಎತ್ತಿದರು. ಅವನ ಕೂಗಿಗೆ ಬಿದಿರುಮೆಳೆಯಿಂದ ಹಕ್ಕಿಗಳು ಹಾರಿದವು. ಬೈರಮ್ಮ ಅಪ್ಪನ ಪಕ್ಕ ಕೂತು ಮುರಿದ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಗಾಡಿ ಅಲ್ಲಾಡಿದರೂ ಕಾಲು ಅಲ್ಲಾಡದಂತೆ ನೋಡಿಕೊಳ್ಳುವುದೇ ಅವಳ ಕೆಲಸ.

ಇಳಿಜಾರು. ಬಂಡೆ. ಮತ್ತೆ ಇಳಿಜಾರು. ಜೋಡಿಹಳ್ಳ.

ನೀರು ಅರ್ಧ ಚಕ್ರ ಮುಳುಗುವಷ್ಟಿತ್ತು. ಗಾಡಿ ನಟ್ಟನಡುವೆ ಬಂತು. ಕೆಮ್ಮಿತು. ನಿಂತಿತು.

ರಾಮಾಂಜಿನಪ್ಪ ಕಿಕ್ಕರಿನ ಮೇಲೆ ಕಾಲಿಟ್ಟ. ಪಾಪಯ್ಯ ಅವನ ಭುಜ ಅದುಮಿದ. ಮೇಲ್ದಂಡೆಯಲ್ಲಿ, ಮೂವತ್ತು ಮಾರು ದೂರದಲ್ಲಿ, ಬಿದಿರು ಸರಿಯಿತು. ಒಂದು ಆನೆ. ಅದರ ಹಿಂದೆ ಇನ್ನೆರಡು. ಕಾಲುಗಳ ನಡುವೆ ಮರಿ.

"ಸದ್ದು ಮಾಡ್ಬ್ಯಾಡ್ರಿ," ಮುನಿಯಣ್ಣ ಉಸುರಿದ. "ಮರಿ ಐತೆ. ಮೇಲ್ ಬೀಳ್ತವೆ."

ಯಾರೂ ಕದಲಲಿಲ್ಲ. ಗೋಣಿಚೀಲದ ಮೇಲೆ ರಕ್ತ ಹರಡುತ್ತಿತ್ತು. ಬೈರಮ್ಮನ ಬೆರಳುಗಳ ಸಂದಿಯಲ್ಲಿ ಅದು ಬೆಚ್ಚಗೆ ತಾಕಿತು.

ಅವಳು ಟ್ಯಾಂಕನ್ನೇ ನೋಡಿದಳು. ಎರಡು ಸಲ ನಿಂತಿತ್ತು, ಎರಡು ಸಲವೂ ಮುಚ್ಚಳ ತೆಗೆದ ಮೇಲೆ ಸ್ಟಾರ್ಟಾಗಿತ್ತು. ಮುಚ್ಚಳದ ಮೇಲೆ ಒಣಗಿ ಗಟ್ಟಿಯಾದ ಗಂಧ, ಅದರ ನಡುವೆ ಕುಂಕುಮದ ಬೊಟ್ಟು. ಆ ಬೊಟ್ಟಿನ ಕೆಳಗೆ ಸೂಜಿಮೊನೆಯಷ್ಟು ತೂತಿರಬೇಕು. ಪೆಟ್ರೋಲು ಇಳಿದಷ್ಟೂ ಗಾಳಿ ಒಳಗೆ ಹೋಗುವ ತೂತು. ಗಾಳಿಯಿಲ್ಲದೆ ಪೆಟ್ರೋಲು ಇಳಿಯುವುದಿಲ್ಲ.

ಹಣೆಗಿಟ್ಟಂತೆ ಸರಿಯಾಗಿ ನಡುವೆ ಬೊಟ್ಟಿಟ್ಟವಳು ಅವಳೇ.

"ಪಾಪಯ್ಯಣ್ಣ, ಈ ಕಾಲು ಹಿಡ್ಕೋ. ಅಲ್ಲಾಡಿಸ್ಬ್ಯಾಡ."

ಹಲಗೆಯ ಮೇಲೆ ತೆವಳಿ ಮುಂದೆ ಬಂದಳು. ಮುಚ್ಚಳ ತಿರುಗಿಸಿದಳು. ಟ್ಯಾಂಕು ಸುಯ್ ಎಂದು ಗಾಳಿ ಒಳಗೆಳೆಯಿತು. ಮುಂದಿನ ಆನೆ ಕಿವಿಯಗಲಿಸಿ ಇತ್ತ ತಿರುಗಿತು. ಬೈರಮ್ಮ ಉಸಿರು ಹಿಡಿದು ಕೂತಳು. ಆನೆಯೂ ನಿಂತಿತ್ತು. ಎಷ್ಟೋ ಹೊತ್ತು.

ಕೊನೆಗೆ ಮರಿ ನೀರು ಕುಡಿದು ಮೇಲೆ ಹತ್ತಿತು. ದೊಡ್ಡವು ಅದನ್ನು ಮುಂದಿಟ್ಟುಕೊಂಡು ಬಿದಿರಿನೊಳಗೆ ಸರಿದವು.

ಅವಳು ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಗಂಧ ಕೆರೆದಳು. ತೂತಿನೊಳಗೆ ಚುಚ್ಚಿ ಊದಿದಳು.

"ಮಾವ, ನೀರಲ್ಲ. ಗಂಧ ತೂತಿಗೆ ಮೆತ್ಕೊಂಡೈತೆ. ನಾನೇ ಹಚ್ಚಿದ್ದು."

ರಾಮಾಂಜಿನಪ್ಪ ಅವಳನ್ನು ದಿಟ್ಟಿಸಿದ. ಬಯ್ಯಲು ಬಾಯಿ ತೆರೆದವನು ಭಾವನ ಮುಖ ನೋಡಿ ಮತ್ತೆ ಕಿಕ್ಕರಿನ ಮೇಲೆ ಕಾಲಿಟ್ಟ.

"ಮುಚ್ಚಳ ಹಾಕು. ಭದ್ರವಾಗಿ ಕೂತ್ಕೋ."

ಒಂದೇ ಕಿಕ್ಕಿಗೆ ಎಂಜಿನ್ನು ಗುಡುಗಿತು. ಚಕ್ರಗಳು ಕೆಸರಿನಲ್ಲಿ ತಿರುಗಿದವು, ಜಾರಿದವು, ಕಚ್ಚಿಕೊಂಡವು. ಗಾಡಿ ದಂಡೆ ಹತ್ತಿತು. ಅಲ್ಲಿಂದ ಟಾರು ರಸ್ತೆಯವರೆಗೆ ಅದು ಒಮ್ಮೆಯೂ ನಿಲ್ಲಲಿಲ್ಲ.

ಹೊತ್ತು ಮುಳುಗುವ ಮುಂಚೆಯೇ ರಸ್ತೆ ಸಿಕ್ಕಿತು. ಶಿಫ್ಟು ಮುಗಿಸಿದವರನ್ನು ಕರೆತರುತ್ತಿದ್ದ ಕಾರ್ಖಾನೆಯ ವ್ಯಾನೊಂದು ನಿಂತಿತು. ರಾಮಾಂಜಿನಪ್ಪನ ಗುರುತಿನವರು ನಾಲ್ಕೈದು ಜನ ಇಳಿದರು. ಮುನಿಯಣ್ಣನಿಗೆ ಎಚ್ಚರವಿತ್ತು. ಒಂದು ಗುಟುಕು ನೀರೂ ಕುಡಿದ. ಆಸ್ಪತ್ರೆಗೆ ಒಯ್ಯಲು ಎಲ್ಲರೂ ಕೈ ಹಾಕಿ ಅವನನ್ನು ವ್ಯಾನಿನ ಹಿಂದಿನ ಸೀಟಿನ ಮೇಲೆ ಮಲಗಿಸಿದರು.

"ಏನ್ ಗುರು, ಇದ್ರಲ್ಲೇ ಗುಡ್ಡ ಹತ್ತಿಸ್ದ್ಯಾ?" ಡ್ರೈವರು ಕಪ್ಪೆಗಾಡಿಯ ಟೈರು ಒದ್ದು ನೋಡಿದ. "ಸಕ್ಕತ್ತಾಗೈತೆ!"

"ಹಳ್ಳದಲ್ಲಿ ಆನೆ ಮುಂದೇನೇ ನಿಂತಿದ್ವಿ ಕಣೋ," ರಾಮಾಂಜಿನಪ್ಪ ಗಾಡಿಯನ್ನು ರಸ್ತೆಬದಿಗೆ ತಳ್ಳಿ ನಿಲ್ಲಿಸಿ, ವ್ಯಾನು ಹತ್ತುತ್ತ ಹೇಳಿದ. ಅವನ ದನಿಯಲ್ಲಿ ಬೆಳಗಿನಿಂದ ಇರದಿದ್ದ ಬಿಸುಪು ಬಂದಿತ್ತು. ಪಾಪಯ್ಯನೂ ಹತ್ತಿ, ಆನೆ ಎಷ್ಟು ದೂರದಲ್ಲಿತ್ತು ಎಂದು ಕೈಯಗಲಿಸಿ ತೋರಿಸತೊಡಗಿದ. ಎಲ್ಲರೂ ಒಟ್ಟಿಗೆ ಕೇಳುತ್ತಿದ್ದರು.

ಅಪ್ಪನ ಕಾಲು ಸೀಟಿನ ಅಂಚಿನಿಂದ ಆಚೆಗೆ ಬಂದಿತ್ತು. ಅದನ್ನು ಯಾರೂ ಹಿಡಿದಿರಲಿಲ್ಲ.

ಬೈರಮ್ಮ ಬಾಗಿಲಿನ ಕಂಬಿ ಹಿಡಿದುಕೊಂಡಳು. ಡ್ರೈವರು ಗೇರು ಹಾಕಿದ.

"ಮಾವ, ನಂಗೂ ಒಸಿ ಜಾಗ ಬಿಡ್ರಿ. ಅಪ್ಪಯ್ಯನ ಕಾಲು ನಾನು ಹಿಡ್ಕೋತೀನಿ."