ಒಂಬತ್ತು ಸಲ ಹೊತ್ತ ಕಲ್ಲು

ಇನ್ನೂರು ವರ್ಷಗಳ ಹಿಂದೆ, ಹೊಳೆ ಸಮುದ್ರ ಸೇರುವಲ್ಲಿನ ಮಾಣಿಕುರ್ವೆ ದ್ವೀಪದಲ್ಲಿ ಹೊನ್ನಿ ಎಂಬ ಹೆಂಗಸು ಒಂದು ಕಪ್ಪು ಕಲ್ಲು ನೆಟ್ಟು ಅದಕ್ಕೆ ಮಾತು ಕೊಟ್ಟಿದ್ದಳು: "ಕಡಲು ನಿನ್ನನ್ನು ಮುಟ್ಟುವವರೆಗೆ ನಾವು ನಿನ್ನನ್ನು ಬಿಟ್ಟು ಹೋಗುವುದಿಲ್ಲ."

ಅದೇನು ಕಷ್ಟದ ಮಾತಾಗಿರಲಿಲ್ಲ. ಕುರ್ವೆ ಎಂಬ ಮರಳು ದ್ವೀಪ ಒಂದೇ ಕಡೆ ನಿಲ್ಲುವ ನೆಲವಲ್ಲ. ಕಡಲು ಪಡುವಣ ದಡವನ್ನು ತಿನ್ನುತ್ತಿತ್ತು, ಹೊಳೆ ಮೂಡಣಕ್ಕೆ ಮಣ್ಣು ತಂದು ಹಾಕುತ್ತಿತ್ತು. ಹದಿನೈದಿಪ್ಪತ್ತು ವರ್ಷಕ್ಕೊಮ್ಮೆ ನೀರು ಕಲ್ಲಿನವರೆಗೆ ಬರುತ್ತಿತ್ತು. ಆಗ ಮನೆಯ ಹಿರಿಯರು ಕಲ್ಲನ್ನು ತಲೆಯ ಮೇಲೆ ಹೊತ್ತು, ಒಳ್ಳೆಯ ನೆಲ ಕಂಡಲ್ಲಿ, ಆಚೆ ದಡವಾದರೂ ಸರಿ, ನೆಟ್ಟು ಅದೇ ಮಾತು ಕೊಡುತ್ತಿದ್ದರು. ನೀರು ಮುಟ್ಟುವ ಮೊದಲು ಕಲ್ಲನ್ನು ಕದಲಿಸುವಂತಿರಲಿಲ್ಲ. ಹೀಗೆ ಒಂಬತ್ತು ಸಲ ಆಗಿತ್ತು.

ಹತ್ತನೆಯ ಸಲ ಆಗಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ದ್ವೀಪಪ್ರಾಂತ್ಯದ ಸರ್ಕಾರ ಎಲ್ಲ ಕುರ್ವೆಗಳ ಸುತ್ತ ದಡಲಂಗರು ಹಾಕಿತು. ನೀರಿನಡಿ ಹೂತ ಉಕ್ಕಿನ ಕಂಬಗಳು ಸದಾ ಸಣ್ಣಗೆ ಕಂಪಿಸುತ್ತವೆ. ಆ ಕಂಪನಕ್ಕೆ ಮರಳಿನ ಕಣಗಳು ಒಂದಕ್ಕೊಂದು ಕಚ್ಚಿಕೊಂಡು ಗೋಡೆಯಾಗುತ್ತವೆ. ಅಂದಿನಿಂದ ಮಾಣಿಕುರ್ವೆ ಒಂದು ಗೇಣೂ ಅಲುಗಲಿಲ್ಲ. ಅಲೆಗಳು ಕಲ್ಲಿಗೆ ಇಪ್ಪತ್ತು ಮಾರು ದೂರದಲ್ಲಿ ನಿಂತುಬಿಟ್ಟವು.

ಎಂಟು ವರ್ಷದ ಹಿಂದೆ ಬಾವಿಗಳು ಉಪ್ಪಾದವು. ಆಮೇಲೆ ಹನ್ನೊಂದು ಮನೆಗಳವರು ಕಲ್ಲಿನ ಕಡೆ ನೋಡದೆ ದೋಣಿ ಹತ್ತಿದರು. ಉಳಿದದ್ದು ಒಂದೇ ಮನೆ: ಕಲ್ಲು ಕಾಯುವ ಮುದುಕ ಕುಪ್ಪಣ್ಣ, ಸೊಸೆ ಬೀರಮ್ಮ, ಒಂಬತ್ತು ವರ್ಷದ ಮೊಮ್ಮಗಳು ಸೋಮಿ. ಕುಪ್ಪಣ್ಣನ ಮಗ, ಬೀರಮ್ಮನ ಗಂಡ ಮಾದೇವನೂ ಐದು ವರ್ಷದ ಹಿಂದೆ ಆಚೆ ದಡಕ್ಕೆ ಹೋಗಿದ್ದ. ಮಾತು ಮುರಿದವನೆಂದು, ಬದುಕಿದ್ದ ಮಗನಿಗೆ ಅಪ್ಪ ಎಳ್ಳುನೀರು ಬಿಟ್ಟಿದ್ದ.

ಈ ಮಳೆಗಾಲ ಕಳೆದ ಮೇಲೆ ಸೋಮಿಯ ಮುಖ, ಕಾಲು ಊದತೊಡಗಿದವು. ಈ ನೀರು ಕುಡಿದರೆ ಮೂತ್ರಪಿಂಡ ಉಳಿಯುವುದಿಲ್ಲ ಎಂದರು ಡಾಕ್ಟರು. ಬೀರಮ್ಮ ದಡಲಂಗರಿನ ಇಲಾಖೆಗೆ ಅರ್ಜಿ ಬರೆದಳು: ಒಂದು ಉಬ್ಬರದ ಹೊತ್ತು ಯಂತ್ರ ನಿಲ್ಲಿಸಿ, ನೀರು ಕಲ್ಲು ಮುಟ್ಟಲಿ, ನಾವು ಹೊರಡುತ್ತೇವೆ.

ಅರ್ಜಿ ಹಿಡಿದುಕೊಂಡು ಬಂದವರು ಆ ಇಲಾಖೆಯ ವಿಜ್ಞಾನಿ ಶ್ರೀಕಲಾ ನಾಡಕರ್ಣಿ.

"ಕಡಲಿಗೆ ಬೇಲಿ ಹಾಕಿದವಳು ನೀನೇನಾ ತಂಗಿ?" ಎಂದ ಕುಪ್ಪಣ್ಣ, ಕಲ್ಲಿನ ಪಕ್ಕದಲ್ಲಿ ಕೂತಲ್ಲಿಂದಲೇ. "ಚೆನ್ನಾಗಿ ಹಾಕಿದ್ದೀ. ನಾವೇ ಒಳಗೆ ಸಿಕ್ಕಿಬಿದ್ದೆವು."

"ನಿಲ್ಲಿಸಲು ಬರುವುದಿಲ್ಲ ಅಜ್ಜ," ಎಂದರು ಶ್ರೀಕಲಾ. "ಕಂಬಗಳೆಲ್ಲ ಒಂದೇ ಸರಪಳಿ. ಇಲ್ಲಿ ಬಿಟ್ಟರೆ ಪಕ್ಕದ ಕುರ್ವೆಗಳೂ ಕರಗುತ್ತವೆ. ಅಲ್ಲಿ ಜನ ಇದ್ದಾರೆ."

ಬೀರಮ್ಮ ಅತ್ತ ತಿರುಗಿ ಮಗಳ ಕಾಲು ಒತ್ತತೊಡಗಿದಳು.

"ಒಂದು ಕೊಡ ಕಡಲ ನೀರು ತಂದು ಸುರಿದರೆ?" ಶ್ರೀಕಲಾ ಮೆಲ್ಲಗೆ ಕೇಳಿದರು.

"ನೀರು ತಾನಾಗಿ ಬರಬೇಕು ಮಾರಾಯ್ತಿ, ನಾವು ತರುವುದಲ್ಲ. ಇಷ್ಟು ಬುದ್ಧಿ ನಮಗಿಲ್ಲವಾ?" ಎಂದ ಕುಪ್ಪಣ್ಣ.

ಶ್ರೀಕಲಾ ಬಾವಿಗೆ ಉಪ್ಪುಮಾಪಕದ ಸಲಾಕೆ ಇಳಿಸಿದರು. ಬಹಳ ಹೊತ್ತು ಅಂಕಿ ನೋಡಿದರು.

"ತಪ್ಪು ನಮ್ಮದೇ," ಎಂದರು. "ಬದಿಯಿಂದ ತಡೆದ ಕಡಲು ಅಡಿಯಿಂದ ಒತ್ತುತ್ತಿದೆ. ಮೊದಲು ಮಳೆನೀರು ನೆಲದೊಳಗೆ ಉಪ್ಪುನೀರಿನ ಮೇಲೆ ಮಸೂರದ ಹಾಗೆ ಪದರವಾಗಿ ತೇಲುತ್ತಿತ್ತು. ನೆಲ ಗಟ್ಟಿಯಾಗಿ ಮಳೆ ಇಳಿಯುವುದೇ ನಿಂತಿತು. ಈಗ ಬಾವಿಗೆ ಬರುತ್ತಿರುವುದು ಕಡಲಿನ ನೀರೇ."

ಬೀರಮ್ಮನ ಕೈ ನಿಂತಿತು. "ಬಾವಿಯಲ್ಲಿ ಮಾತ್ರವಾ?"

"ಇಲ್ಲ, ಕುರ್ವೆಯ ಅಡಿಯಲ್ಲೆಲ್ಲ. ಎರಡು ಗೇಣು ಕೆಳಗೆ."

"ಕಲ್ಲು ಮೂರು ಗೇಣು ಆಳ ಇದೆ," ಎಂದಳು ಬೀರಮ್ಮ.

ಕಡಲು ಬರುವವರೆಗೆ ಕಲ್ಲಿನ ಬುಡ ಕೆದಕಬಾರದೆಂದು ಯಾರೂ ಅಗೆದು ನೋಡಿರಲಿಲ್ಲ. ಕುಪ್ಪಣ್ಣ ಇಪ್ಪತ್ತೆರಡು ವರ್ಷ ಪಡುವಣಕ್ಕೆ ಮುಖ ಮಾಡಿ ಕಾದಿದ್ದ.

"ಮುಟ್ಟಬೇಡ," ಎಂದ.

"ಮಾವ, ನಿಮ್ಮ ಕಲ್ಲು ನನ್ನ ಮಗಳಿಗಿಂತ ಹಳೆಯದು, ಒಪ್ಪುತ್ತೇನೆ. ಆದರೆ ಒಂದು ಸಲ ನೋಡುತ್ತೇನೆ." ಬಂಡೆಗೆ ಅಂಟಿದ ಚಿಪ್ಪೆಕಲ್ಲು ಮೀನು ಕೀಳುವ ಕತ್ತಿಯಿಂದ ಅವಳು ಕಲ್ಲಿನ ಬುಡದ ಮಣ್ಣು ತೆಗೆದಳು. ಎರಡು ಗೇಣಿಗೆ ಮಣ್ಣು ಕಪ್ಪಾಯಿತು, ಗುಂಡಿಯಲ್ಲಿ ನೀರು ತುಂಬಿಕೊಂಡಿತು. ಕಲ್ಲಿನ ಕೆಳಭಾಗದ ತುಂಬ ಬಿಳಿ ಉಪ್ಪಿನ ಹಕ್ಕಳೆ.

ಕುಪ್ಪಣ್ಣ ಬೆರಳು ಅದ್ದಿ ನಾಲಿಗೆಗೆ ತಾಗಿಸಿದ.

"ಯಾವಾಗ ಬಂತು ಇದು?"

"ಬಾವಿ ಉಪ್ಪಾದ ವರ್ಷವೇ ಬಂದಿರಬೇಕು," ಎಂದರು ಶ್ರೀಕಲಾ. "ಎಂಟು ವರ್ಷ."

ಮುದುಕ ಬೆರಳು ಮಡಚುತ್ತ, ಬಿಟ್ಟು ಹೋದ ಮನೆಗಳ ಹೆಸರು ಹೇಳತೊಡಗಿದ. ಹನ್ನೊಂದಾದ ಮೇಲೆ, ಮಗನಿಗೆಂದು ಇನ್ನೊಂದು ಬೆರಳನ್ನು ಮಡಚದೆ ಹಾಗೇ ಎತ್ತಿಕೊಂಡು ಕೂತ.

"ಮಾದೇವ ಯಾವ ಕೇರಿಯಲ್ಲಿದ್ದಾನೆ?" ಎಂದು ಸೊಸೆಯನ್ನು ಕೇಳಿದ.

ಬೀರಮ್ಮ ಹೇಳಿದಳು. ಅವನು ತಲೆಗೆ ಸಿಂಬೆ ಇಟ್ಟುಕೊಂಡ. ಇಬ್ಬರು ಹೆಂಗಸರು ಕಲ್ಲನ್ನು ಎತ್ತಿ ಅದರ ಮೇಲಿಟ್ಟರು. ಸೋಮಿ ದೋಣಿಯ ಕಡೆ ಮುಂದೆ ನಡೆದಳು.

ಹೋದವರೆಲ್ಲ ಕಡಲು ಕಲ್ಲನ್ನು ಮುಟ್ಟಿದ ಮೇಲೆಯೇ ಹೋಗಿದ್ದರು; ಹೊನ್ನಿಯ ಮಾತನ್ನು ಯಾರೂ ಮುರಿದಿರಲಿಲ್ಲ.