ಎಸೆಯಲಾಗದ ಟ್ಯೂಬು

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದೂರುದಾರರು ರಾಷ್ಟ್ರೀಯ ಪ್ರಯೋಗಾಲಯದ ವೈದ್ಯೆ. ದೇಶದಲ್ಲಿ ಯಾರ ರಕ್ತಕ್ಕೆ ಸ್ಟ್ರೆಪ್ಟೊಕಾಕಸ್ ರೋಗಾಣು ನುಗ್ಗಿದರೂ ಅದನ್ನು ಬೆಳೆಸಿದ ಟ್ಯೂಬು ಅವರಲ್ಲಿಗೆ ಹೋಗಬೇಕು. ಅದು ಯಾವ ಔಷಧಿಗೆ ಬಗ್ಗುತ್ತಿಲ್ಲವೆಂದು ಅವರು ಹೇಳಬೇಕು.

"ಈ ಊರಿನ ಆಸ್ಪತ್ರೆಯಿಂದ ಇಬ್ಬರು ಬಾಣಂತಿಯರ ಟ್ಯೂಬು ಬಂತು. ಇಬ್ಬರೂ ಹೋಗ್ಬಿಟ್ರು. ಆದ್ರೆ ಒಳಗಿದ್ದದ್ದು ಅವರ ರೋಗಾಣು ಅಲ್ಲ ಸರ್. ಪರೀಕ್ಷೆ ಸರಿಯಿದೆಯಾ ಅಂತ ನೋಡ್ಕೊಳ್ಳೋಕೆ ನಾವೇ ಎಲ್ಲ ಆಸ್ಪತ್ರೆಗೂ ಕೊಡೋ ಮಾದರಿ ತಳಿ."

"ನಿಮ್ಮದನ್ನ ನಿಮಗೇ ಕಳಿಸಿದಾರೆ," ಎಂದರು ಇನ್‌ಸ್ಪೆಕ್ಟರ್.

"ಮೊದಲನೆಯದನ್ನ ನಂಬಿ, ಪೆನ್ಸಿಲಿನ್‌ಗೆ ಬದಲಿ ಔಷಧಿಯೂ ನಡೆಯುತ್ತೆ ಅಂತ ಬರೆದ್ವಿ. ಎರಡನೆಯವಳಿಗೆ ಪೆನ್ಸಿಲಿನ್ ಒಗ್ತಿರಲಿಲ್ಲ. ಬದಲಿಯನ್ನೇ ಕೊಟ್ರು. ಇವತ್ತು ಮೂರನೆಯವಳಿಗೆ ಜ್ವರ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಕಣ್ಣಿಗೆ ಕಾಣದ ಆರೋಪಿಯ ಬೆನ್ನು ಹತ್ತಿದ್ದು ಅವರ ಸರ್ವೀಸಿನಲ್ಲಿ ಇದೇ ಮೊದಲು. "ಕೈಕೋಳ ಯಾವ ಸೈಜಿಂದು ತರ್ಲಿ ಸರ್?" ಎಂದ ಮೀಸೆ ಕಾನ್‌ಸ್ಟೇಬಲ್. ಯಾರೂ ನಗಲಿಲ್ಲ.

ಆಸ್ಪತ್ರೆಯ ಲ್ಯಾಬಿನಲ್ಲಿ ಪಂಚರ ಎದುರು ಫ್ರೀಜರ್ ತೆರೆಸಿದರು. ಎಲ್ಲರಿಗೂ ಕೆಲಸ ಕಲಿಸಿದ ಹಿರಿಯ ಟೆಕ್ನಿಷಿಯನ್‌ಗೆ ಅಲ್ಲಿ ಮೇಷ್ಟ್ರು ಎಂದೇ ಹೆಸರು. ಟ್ಯೂಬು ಕಳಿಸುವವರೂ ಅವರೇ. ಅವರು ಗೋಡೆಗೆ ಒರಗಿ ನಿಂತಿದ್ದರು. ತಳದ ಡಬ್ಬಿಯಲ್ಲಿ ಮೂರು ಟ್ಯೂಬು ಸಿಕ್ಕವು. ಎರಡರ ಮೇಲೆ ಸತ್ತವರ ಹೆಸರಿತ್ತು, ಮೂರನೆಯದರ ಮೇಲೆ ಏನೂ ಇರಲಿಲ್ಲ. ಪಂಚನಾಮೆ ಬರೆದು ಮೂರನ್ನೂ ವೈದ್ಯೆಯ ಕೈಗೆ ಕೊಟ್ಟರು.

ಬುಧವಾರ ಅವರ ಫೋನು ಬಂತು. "ಮೂರೂ ಒಂದೇ ತಳಿ. ಬದಲಿ ಔಷಧಿಗೆ ಮೂರೂ ಜಗ್ಗಲ್ಲ."

ಇನ್‌ಸ್ಪೆಕ್ಟರ್ ಮೇಷ್ಟ್ರನ್ನು ಕೂರಿಸಿ ಕೇಳಿದರು. "ಸಿಕ್ಕಿಬೀಳ್ತೀರಿ ಅಂತ ಗೊತ್ತಿದ್ದೂ ಯಾಕೆ ಇಟ್ಕೊಂಡ್ರಿ?"

"ಬೆಳೆಸಿದ್ದನ್ನ ಎಸೆಯಬೇಡಿ ಅಂತ ಹುಡುಗರಿಗೆ ಕಲಿಸಿದವನು ನಾನು. ಕೈ ಬರಲಿಲ್ಲ."

"ಹೆಸರಿಲ್ಲದ್ದು ಯಾರದು?"

"ನನ್ನ ಮಗಳ ಗಂಟಲಿಂದು."

ಮಗಳು ಹೆರಿಗೆ ವಾರ್ಡಿನ ನರ್ಸ್. ಹೇಳಿಕೆ ಬರೆಯುತ್ತಿದ್ದ ಮೀಸೆ ಕಾನ್‌ಸ್ಟೇಬಲ್‌ನ ಪೆನ್ನು ನಿಂತುಹೋಯಿತು.

"ಗಂಟಲು ಕೆರೀತಿದೆ ಅಂದ್ಲು, ನೋಡಿದೆ. ಮೊದಲನೆಯವಳ ರಕ್ತದಲ್ಲಿದ್ದದ್ದೇ ಇತ್ತು. ನಿಜವಾದ ಟ್ಯೂಬು ಹೋದ್ರೆ ವಾರ್ಡಿನವರ ಗಂಟಲೆಲ್ಲ ನೋಡ್ತಾರೆ, ಬಾಣಂತೀನ ಕೊಂದವಳು ಅಂತಾರೆ. ಮಾತ್ರೆ ಕೊಟ್ಟೆ. ವಾಸಿಯಾಯ್ತು ಅಂದ್ಕೊಂಡೆ."

"ಮತ್ತೆ ನೋಡಿದ್ರಾ?"

"ನೋಡೋಕೆ ಹೆದರಿಕೆಯಾಯ್ತು."

ಮೇಷ್ಟ್ರನ್ನು ಬಂಧಿಸಿ ಕರೆತರುವಾಗ ಮಗಳು ಮೆಟ್ಟಿಲ ಬಳಿ ನಿಂತಿದ್ದಳು. ವೈದ್ಯೆ ಆಗಲೇ ಅವಳನ್ನು ವಾರ್ಡಿನಿಂದ ಹೊರಗೆ ಕಳಿಸಿದ್ದರು. ಮೂರನೆಯವಳ ಜ್ವರ ಸರಿಯಾದ ಔಷಧಿಯಿಂದ ಇಳಿಯುತ್ತಿತ್ತು. ಮೊದಲ ಸಾವಿಗೆ ಯಾರನ್ನೂ ದೂರುವಂತಿಲ್ಲ ಎಂದು ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದಿದ್ದರು. ಎರಡನೆಯದಕ್ಕೆ ಹಾಗೆ ಬರೆಯಲು ಆಗಲಿಲ್ಲ.

"ಬರೀ ನೆಗಡಿ ಅಂದ್ಯಲ್ಲಪ್ಪಾ," ಎಂದಳು ಮಗಳು. "ಎರಡನೆಯವಳಿಗೆ ಹೆರಿಗೆ ಮಾಡಿಸಿದ್ದು ನಾನೇ."