ಕೆಂಪು ಬಾಣಗಳು

"ಕೊಡೋ ಮನಸ್ಸಿಲ್ದಿದ್ರೆ ನೇರವಾಗಿ ಹೇಳಿಬಿಡಿ ಅಕ್ಕ," ಎಂದ ಎದುರಂಗಡಿಯ ಟೈಲರ್. ಅವನ ಮುಖ ಸಣ್ಣಗಾಗಿತ್ತು. "ನಾನಾಗಿ ಕೇಳ್ಕೊಂಡು ಬಂದವನಲ್ಲ. ನೀವು ಬಾ ಅಂದ್ರಿ, ಬಂದೆ."

ನನಗೆ ಗಾಬರಿಯಾಯಿತು. "ಅಯ್ಯೋ, ಹಾಗಲ್ಲಪ್ಪ..."

"ಮತ್ತೆ? ಇಸ್ತ್ರಿ ಪೆಟ್ಟಿಗೆ ಕೈಗೆ ಕೊಟ್ಟು, ವೈರು ಬಿಸಿಯಾಗುತ್ತೆ, ಮೂತಿ ನೆಗ್ಗಿದೆ, ಬಲಗಡೆ ಬಟ್ಟೆಗೆ ಅಂಟುತ್ತೆ ಅಂತಿದ್ದೀರಿ. ಕೊಡ್ತಿದ್ದೀರೋ ಹೆದರಿಸ್ತಿದ್ದೀರೋ?"

ಬೀರುವನ್ನು ಗೋಡೆಯಿಂದ ಸರಿಸುತ್ತಿದ್ದ ನನ್ನವರು ಅದರ ಹಿಂದಿನಿಂದಲೇ ನಕ್ಕರು. "ಅವಳು ಹಾಗೇನೇ ಕಣಯ್ಯ. ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಕೆಲಸ. ತಪ್ಪು ತೋರಿಸದೆ ಒಂದು ಕರ್ಚೀಫೂ ಆಚೆ ಬಿಡೋಳಲ್ಲ."

ನಿಜ. ಹೊಲಿಗೆ ತಪ್ಪಿದ ಕಡೆ ಅಂಟಿಸಲು ಫ್ಯಾಕ್ಟರಿಯಲ್ಲಿ ಬಾಣದ ಆಕಾರದ ಪುಟ್ಟ ಕೆಂಪು ಸ್ಟಿಕ್ಕರ್ ಕೊಡುತ್ತಾರೆ. ಬೆಳಿಗ್ಗೆ ಎದ್ದು ಮನೆಯ ಸಾಮಾನಿಗೆಲ್ಲ ಅದನ್ನೇ ಅಂಟಿಸಿದ್ದೆ. ತೆಗೆದುಕೊಂಡು ಹೋದವರಿಗೆ ಆಮೇಲೆ ಮೋಸವಾಯಿತು ಅನ್ನಿಸಬಾರದು ನೋಡಿ. ಅಷ್ಟೇ ಕಾರಣ ಎಂದುಕೊಂಡಿದ್ದೆ.

"ಈ ಮೂತಿ ಹೆಂಗೆ ನೆಗ್ಗಿತು?" ಟೈಲರ್ ಬಾಣದ ತುದಿಯನ್ನು ಬೆರಳಿನಿಂದ ಮುಟ್ಟಿದ.

"ಕೈಜಾರಿ ಬಿತ್ತು."

"ಯಾರ ಕೈ?"

ನಾನು ಬೀರುವಿನ ಕಡೆ ನೋಡಿದೆ. ಮದುವೆಯಾದ ಮೊದಲ ವಾರ. ಒಗೆದದ್ದು ಯಾವುದೂ ಒಣಗಿರಲಿಲ್ಲವೆಂದು ಅವರ ಶರ್ಟನ್ನೇ ತೊಟ್ಟುಕೊಂಡು ಸ್ನಾನದ ಮನೆಯಿಂದ ಬಂದಿದ್ದೆ. ಅವರು ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದರು. ತಲೆ ಎತ್ತಿದರು. ಪೆಟ್ಟಿಗೆ ನೆಲಕ್ಕೆ, ಪ್ಯಾಂಟಿಗೆ ತೂತು. "ಮುಂದೆ ಬರುವಾಗ ಹೇಳಿ ಬಾ ಮಾರಾಯ್ತಿ," ಎಂದಿದ್ದರು. ಕಿವಿಯವರೆಗೂ ಕೆಂಪಾಗಿದ್ದರು.

ಇವತ್ತು ಬೀರುವಿನ ಹಿಂದಿನಿಂದ ಮುಖ ಹೊರಗೆ ಬರಲಿಲ್ಲ. "ನನ್ನ ಕೈ," ಎಂದರು. "ಬಿಸಿ ಇತ್ತು."

ಟೈಲರ್ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಹೊರಟ.

*

ನಮ್ಮಲ್ಲಿ ಜಗಳವಾಗಿದ್ದರೆ ಹೇಳುವುದು ಸುಲಭವಿತ್ತು. ಹೋದ ತಿಂಗಳು ಊಟದ ತಟ್ಟೆಯ ಮುಂದೆ ಕೂತು ಅವರು ಮೆಲ್ಲಗೆ ಹೇಳಿದ್ದರು: "ನನಗೆ ಬೇರೆ ಯಾರೂ ಇಲ್ಲ. ನಿನ್ನ ಮೇಲೆ ಕೋಪಾನೂ ಇಲ್ಲ. ಆದ್ರೆ ಮನೆಗೆ ಬಂದ್ರೆ ಬಸ್ ಸ್ಟ್ಯಾಂಡಿನಲ್ಲಿ ಕೂತಂಗಾಗುತ್ತೆ. ಎಷ್ಟು ದಿನ ಅಂತ ನಿನಗೆ ಸುಳ್ಳು ನಗು ತೋರಿಸ್ಲಿ?"

ಕೋಪವಾದರೆ ಇಳಿಯುವುದನ್ನು ಕಾಯಬಹುದು. ಇದಕ್ಕೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ನಾನು ಎಲ್ಲಿ ಏನು ಕಡಿಮೆ ಮಾಡಿದೆ ಎಂದು ರಾತ್ರಿಯೆಲ್ಲ ಹುಡುಕಿದೆ. ಬೆಳಿಗ್ಗೆ "ಆಯ್ತು ರೀ" ಎಂದೆ.

ಹೀಗಾಗಿ ಮನೆ ಖಾಲಿ ಮಾಡುವುದೆಂದಾಯಿತು. ನಾನು ಅಕ್ಕನ ಮನೆಗೆ, ಅವರು ತಮ್ಮ ಮೋಟಾರ್ ವೈಂಡಿಂಗ್ ಅಂಗಡಿಯ ಹಿಂದಿನ ಕೋಣೆಗೆ. ಸಾಮಾನು ಎರಡು ಕಡೆಯೂ ಬೇಡವಾಗಿತ್ತು. ಬೇಕಾದವರು ಒಯ್ಯಲಿ ಎಂದು ಅಕ್ಕಪಕ್ಕದವರಿಗೆ ಹೇಳಿದ್ದೆವು.

ನನಗೊಂದು ಆಸೆಯಿತ್ತು. ಯಾವುದಾದರೂ ಒಂದು ವಸ್ತು ಹೊಸ್ತಿಲು ದಾಟುವಾಗ ಅವರು "ಏ, ಇದು ಇರಲಿ" ಎನ್ನುತ್ತಾರೆ. ಒಂದು ಉಳಿದರೆ ಅದನ್ನಿಡಲು ಮನೆ ಬೇಕಲ್ಲ. ಬಾಣ ಅಂಟಿಸಿದ್ದು ಬಹುಶಃ ಅದಕ್ಕೇ.

*

ಮೇಲಿನ ಮನೆಗೆ ಹೊಸದಾಗಿ ಬಂದ ಹುಡುಗಿಗೆ ಮಡಚುವ ಮೇಜು ಬೇಕಿತ್ತು. ಗಂಡನನ್ನೂ ಕರೆದುಕೊಂಡು ಬಂದಿದ್ದಳು.

"ಒಂದು ಕಾಲು ಗಿಡ್ಡ," ಎಂದೆ. "ಬರೆಯೋಕೆ ಕೂತ್ರೆ ಅಲ್ಲಾಡುತ್ತೆ."

"ಅಡಿಗೆ ರಟ್ಟು ಇಟ್ಟಿರ್ಲಿಲ್ವಾ ಅಕ್ಕ?"

ಇಟ್ಟಿರಲಿಲ್ಲ. ನಾನು ಸಂಜೆ ಕಾಲೇಜಿಗೆ ಸೇರಿದ್ದಾಗ ಈ ಮೇಜಿನ ಮೇಲೆ ಓದುತ್ತಿದ್ದೆ. ಅವರು ಎದುರಿಗೆ ಕೂತು, ಗಿಡ್ಡ ಕಾಲನ್ನು ತಮ್ಮ ಪಾದದ ಮೇಲೆ ನಿಲ್ಲಿಸಿಕೊಳ್ಳುತ್ತಿದ್ದರು. ಅಂಗಡಿಯಿಂದ ದಣಿದು ಬಂದವರು, ಕೂತಲ್ಲೇ ತೂಕಡಿಸುತ್ತಿದ್ದರು, ಪಾದ ಮಾತ್ರ ಕದಲುತ್ತಿರಲಿಲ್ಲ. ನಾನು ಪಾಸಾದಾಗ "ಅರ್ಧ ಮಾರ್ಕ್ಸ್ ನನ್ನ ಹೆಬ್ಬೆರಳಿನದು" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

"ರಟ್ಟು ಸಿಗಲಿಲ್ಲ," ಎಂದೆ. ಅವರನ್ನು ನೋಡಿದೆ.

"ಕೊಡಿ, ಮೆಟ್ಟಿಲ ತನಕ ನಾನೂ ಹಿಡೀತೀನಿ," ಎಂದರು ಅವರು, ಆ ಹುಡುಗಿಯ ಗಂಡನಿಗೆ.

ಮೇಜು ಹೋಯಿತು. ಹುಡುಗಿ ಟೇಬಲ್ ಫ್ಯಾನನ್ನು ನೋಡುತ್ತಿದ್ದಳು. "ಇದಕ್ಕೂ ಬಾಣ! ಮೋಟಾರ್ ಅಂಗಡಿಯವರ ಮನೆ ಫ್ಯಾನೇ ಕೆಟ್ಟಿದೆಯಾ?"

"ಓಡುತ್ತೆ. ಕತ್ತು ತಿರುಗಲ್ಲ ಅಷ್ಟೇ. ಒಂದೇ ಕಡೆ ನೋಡುತ್ತೆ."

"ಯಾವ ಕಡೆ?"

ನಾನು ಮಲಗುವ ಕಡೆ. ರಿಪೇರಿ ಮಾಡಿ ಎಂದು ನಾನು ಗೋಗರೆದಾಗ, "ಊರಿನ ಫ್ಯಾನೆಲ್ಲ ಊರು ನೋಡ್ಲಿ. ಇದು ನಿನ್ನ ಮಾತ್ರ ನೋಡ್ಲಿ," ಎಂದವರು ಇದೇ ಮನುಷ್ಯ.

ಈಗ ಮೆಟ್ಟಿಲಿನಿಂದ ವಾಪಸು ಬಂದ ಅವರು ಜೇಬಿನಿಂದ ಟೆಸ್ಟರ್ ತೆಗೆದರು. ಫ್ಯಾನಿನ ಬೆನ್ನು ಬಿಚ್ಚಿ, ಒಳಗೆ ಏನನ್ನೋ ಒತ್ತಿ, ಮುಚ್ಚಿ, ಸ್ವಿಚ್ ಹಾಕಿದರು. ಫ್ಯಾನು ಕತ್ತು ತಿರುಗಿಸಿತು. ನನ್ನಿಂದ ಹುಡುಗಿಯ ಕಡೆಗೆ, ಹುಡುಗಿಯಿಂದ ಖಾಲಿ ಗೋಡೆಯ ಕಡೆಗೆ.

"ಸರಿ ಹೋಯ್ತಲ್ಲ, ತಗೋಮ್ಮ," ಎಂದರು. ಬಾಣವನ್ನು ಉಗುರಿನಿಂದ ಕಿತ್ತು ಬಿಸಾಡಿದರು.

ಅಷ್ಟು ಸುಲಭವಿತ್ತು ಅದು.

*

ಕೊನೆಗೆ ಬಂದವರು ಕೆಳಮನೆಯ ಅಜ್ಜಿ. ಸ್ಟೂಲು ಸಾಕು ಎಂದರು. ಅದರ ಬಾಣ ನೋಡಿ ಬೊಚ್ಚು ಬಾಯಲ್ಲಿ ನಕ್ಕರು. ನಾವು ಬೇರೆಯಾಗುತ್ತಿರುವುದು ಅವರಿಗೆ ತಿಳಿದಿರಲಿಲ್ಲ. ಬೇರೆ ಊರಿಗೆ ಹೋಗುತ್ತೇವೆ ಎಂದುಕೊಂಡಿದ್ದರು.

"ಎಲ್ಲಾ ಕೊಟ್ಟಾಯ್ತು. ಇವನೊಬ್ಬ ಉಳಿದ," ಎಂದು ನನ್ನ ಕೈಯಲ್ಲಿದ್ದ ಸ್ಟಿಕ್ಕರ್ ಹಾಳೆಯಿಂದ ಒಂದು ಬಾಣ ಕಿತ್ತು ನನ್ನವರ ತೋಳಿಗೆ ಅಂಟಿಸಿಯೇಬಿಟ್ಟರು. "ಹೇಳೇ ಮಗಳೇ, ಇವನನ್ನ ನಾನು ಒಯ್ಯೋದಾದ್ರೆ ಎಲ್ಲೆಲ್ಲಿ ಕೆಟ್ಟಿದಾನೆ?"

"ಅಜ್ಜಿ, ನನ್ನ ಭಾರ ನಿಮಗೆ ತಡೆಯಲ್ಲ," ಎಂದು ಅವರೂ ನಕ್ಕರು.

ನಾನೂ ನಗಬೇಕಿತ್ತು. ಬಾಯಿ ತೆರೆದರೆ ಬೇರೆಯೇ ಬಂತು.

"ಎಡಗಿವಿ ಮಂದ ಅಜ್ಜಿ. ಮೋಟಾರ್ ಸದ್ದಿಗೆ ಹಾಗಾಗಿದೆ, ಒಪ್ಕೊಳ್ಳಲ್ಲ. ರಸ್ತೇಲಿ ಜೊತೆಗೆ ಹೋಗೋರು ಅವರ ಬಲಗಡೆನೇ ನಡೀಬೇಕು. ಟೀ ಪೂರ್ತಿ ತಣ್ಣಗಾದ್ಮೇಲೇ ಕುಡಿಯೋದು. ಮತ್ತೆ ಬಿಸಿ ಮಾಡಿದ್ರೆ ಸಿಟ್ಟು. ಏನಾಯ್ತು ಅಂತ ಕೇಳಿದ್ರೆ ಏನಿಲ್ಲ ಅಂತಾರೆ, ಬಿಡಬಾರದು, ಇನ್ನೊಂದು ಸಲ ಕೇಳ್ಬೇಕು. ನಿದ್ದೇಲಿ ಅಪ್ಪನ್ನ ಕರೀತಾರೆ. ಎಬ್ಬಿಸಬಾರದು. ಕೈ ಮೇಲೆ ಕೈ ಇಟ್ರೆ ಸಾಕು, ಹಾಗೇ ಮಲಗ್ತಾರೆ."

ಅಜ್ಜಿಯ ನಗು ಎಲ್ಲೋ ನಡುವೆ ನಿಂತುಹೋಗಿತ್ತು. ನನ್ನ ಮುಖವನ್ನೂ ಅವರ ಮುಖವನ್ನೂ ನೋಡಿದರು. "ಸುಮ್ನೆ ತಮಾಷೆಗೆ ಕೇಳ್ದೆ ಕಣಮ್ಮ," ಎಂದು ಸ್ಟೂಲನ್ನು ಎದೆಗವಚಿಕೊಂಡು ಹೊರಟರು.

ಹೇಳಿದ್ದು ಹೆಚ್ಚಾಯಿತೇನೋ. ಮನೆ ಖಾಲಿಯಾದ್ದರಿಂದ ನನ್ನ ದನಿ ಗೋಡೆಗೆ ಬಡಿದು ನನಗೇ ಕೇಳಿಸಿದಂತಿತ್ತು. ಅವರು ತೋಳಿನ ಬಾಣವನ್ನು ನೋಡುತ್ತಾ ನಿಂತಿದ್ದರು.

"ಇಷ್ಟೆಲ್ಲ ಗಮನಿಸಿದ್ದೀಯಾ?" ಎಂದರು.

"ನೀವೂ ಹೇಳಿ," ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ. "ನನ್ನದು. ಎಲ್ಲೆಲ್ಲಿ ಕೆಟ್ಟಿದೀನಿ?"

ಬೈಯಲಿ ಎಂದು ಕಾದೆ. ಹಲ್ಲು ಕಡಿಯುತ್ತೀಯ, ಬಾಗಿಲು ಹಾಕಿದೆಯಾ ಎಂದು ಎದ್ದೆದ್ದು ನೋಡುತ್ತೀಯ, ನಿನ್ನ ಕಾಲು ಯಾವಾಗಲೂ ಮಂಜುಗಡ್ಡೆ. ಏನಾದರೂ ಹೇಳಲಿ. ಒಂದು ಹೇಳಿದರೂ ಹೊರಡುವುದಿಲ್ಲ, ಕಟ್ಟಿದ ಸೂಟ್‌ಕೇಸು ಬಿಚ್ಚಿಬಿಡುತ್ತೇನೆ.

ಅವರು ನಿಜವಾಗಿಯೂ ಯೋಚಿಸಿದರು. ಹಣೆ ಉಜ್ಜಿಕೊಂಡರು.

"ಚಿಂತೆ ಸ್ವಲ್ಪ ಜಾಸ್ತಿ ಮಾಡ್ತೀಯ."

"ಅದು ನಮ್ಮ ಸೂಪರ್‌ವೈಸರೂ ಹೇಳ್ತಾರೆ. ಮತ್ತೆ?"

ಬೀದಿಯಲ್ಲಿ ಸ್ಕೂಟರೊಂದು ಹೋಯಿತು. ಮೇಲಿನ ಮನೆಯಲ್ಲಿ ಮೇಜು ಎಳೆಯುವ ಸದ್ದು, ಹುಡುಗಿಯ ನಗು.

"ಮತ್ತೇನಿಲ್ಲ ಕಣೇ."

"ಇನ್ನೊಂದು ಸಲ ಯೋಚನೆ ಮಾಡಿ."

"ಇಲ್ಲ. ನಿನ್ನಲ್ಲಿ ತಪ್ಪೇ ಇಲ್ಲ," ಎಂದರು, ತುಂಬಾ ಮೃದುವಾಗಿ. "ನೀನು ಒಳ್ಳೆಯವಳು."

ದಿನವೂ ಎತ್ತಿಕೊಳ್ಳುವ ವಸ್ತು ಎಲ್ಲಿ ಸಡಿಲವೆಂದು ಬೆರಳಿಗೆ ಗೊತ್ತಿರುತ್ತದೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಹುಡುಕಿ ನೋಡಿ, ಏನೂ ಸಿಗದೆ, ಇದ್ದುದನ್ನೇ ಹೇಳಿದ್ದರು. ಅವರು ನನ್ನನ್ನು ಎತ್ತಿಕೊಂಡು ಎಷ್ಟೋ ಕಾಲವಾಗಿತ್ತು.

"ಆಟೋ ಬಂದಿರುತ್ತೆ," ಎಂದೆ.

"ಕೆಳಗಿನ ತನಕ ಬರ್ತೀನಿ," ಎಂದು ನನ್ನ ಸೂಟ್‌ಕೇಸಿಗೆ ಕೈ ಹಾಕಿದರು. ಅದರ ಹಿಡಿಯ ಒಂದು ಮೊಳೆ ಬಿದ್ದುಹೋಗಿದೆ, ಅಡಿಗೆ ಕೈ ಕೊಟ್ಟು ಹಿಡಿಯಬೇಕು, ಇಲ್ಲವಾದರೆ ಕಿತ್ತು ಬರುತ್ತದೆ. ಮಾತು ನಾಲಿಗೆಯ ತುದಿಯವರೆಗೆ ಬಂತು.

ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಅವರ ಎಡಗಡೆ, ಮೆಟ್ಟಿಲಿಳಿದೆ.